ಬೂತಾಯಿಯ ಲೆಕ್ಕ

ನಮ್ಮ ಅಜ್ಜ ತೆಂಗಿನ ತೋಟದ ಜಮಾಖರ್ಚು ಬರೆದಿಡುತ್ತಿದ್ದ ಉದ್ದನೆಯ ಪುಸ್ತಕವೊಂದು ನನ್ನಲ್ಲಿ ಉಳಿದಿದೆ. ಅದರ 1956ರ ಪುಟದಲ್ಲಿ ‘ಬೂತಾಯಿ ಇಲ್ಲ, ಸೊಪ್ಪು, ಬೂದಿ ಹಾಕಿಸಿದ್ದು’ ಎಂಬ ಒಂದೇ ಸಾಲಿದೆ. ಮರುವರ್ಷ ಗಾಡಿಗಟ್ಟಲೆ ಬೂತಾಯಿ ತರಿಸಿ ಮರಗಳ ಬುಡಕ್ಕೆ ಹಾಕಿಸಿದ ಕೂಲಿಯ ಲೆಕ್ಕವೇ ಒಂದೂವರೆ ಪುಟ ತುಂಬಿದೆ. ಅಜ್ಜನಿಗೆ ಕಡಲಿನ ಸಂಗತಿಗಳಲ್ಲಿ ಆಸಕ್ತಿಯೇನೂ ಇರಲಿಲ್ಲ. ಅವರು ಬರೆದದ್ದು ತೋಟಕ್ಕಾಗಿ.

ಬಹುಕಾಲದ ಮೇಲೆ, ಬೇರಾವುದನ್ನೋ ಹುಡುಕುತ್ತ ಗ್ರಂಥಾಲಯದಲ್ಲಿ ಕುಳಿತಿದ್ದಾಗ ಮೀನುಗಾರಿಕೆಯ ಹಳೆಯ ವರದಿಯೊಂದು ಕೈಗೆ ಬಂತು. ಇಡೀ ದೇಶದಲ್ಲಿ 1956ರಲ್ಲಿ ಸಿಕ್ಕ ಬೂತಾಯಿ ಏಳೂವರೆ ಸಾವಿರ ಟನ್ನಿನಷ್ಟೂ ಇರಲಿಲ್ಲ. 1957ರಲ್ಲಿ ಅದು 1 ಲಕ್ಷ 90 ಸಾವಿರ ಟನ್ನನ್ನು ಮೀರಿತ್ತು. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವುದರಲ್ಲಿ ಆಯುಷ್ಯ ಕಳೆದವನು ನಾನು. ಒಂದನ್ನೊಂದು ಕಾಣದ ಎರಡು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೆ ಸಂಪಾದಕನಿಗೆ ಆಗುವ ಹರ್ಷ ಎಂಥದೆಂಬುದನ್ನು ಆ ಕೆಲಸ ಮಾಡಿದವರು ಬಲ್ಲರು. ಅಂದಿನಿಂದ ಈ ಮೀನಿನ ಚರಿತ್ರೆ ನನ್ನನ್ನು ಬಿಟ್ಟಿಲ್ಲ.

ತುಳುವರ ಬೂತಾಯಿಯೇ ಕುಂದಾಪುರದ ಕಡೆಗೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಮಲೆಯಾಳದಲ್ಲಿ ಮತ್ತಿ. ಅಗ್ಗದ ಮೀನು, ಬಡವರ ಮೀನು. ಅದು ಕೆಲವು ವರ್ಷ ಕಡಲನ್ನೇ ತುಂಬಿ ಬರುತ್ತದೆ, ಕೆಲವು ವರ್ಷ ಮುಖವನ್ನೇ ತೋರಿಸುವುದಿಲ್ಲ. ಮದರಾಸು ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳ ಮೇಲೆ ಗ್ರಂಥ ಬರೆದ ಕಾಲದಿಂದಲೂ ಪಂಡಿತರಿಗೆ ಇದು ಒಗಟು. 1907ರಲ್ಲಿ ಮದರಾಸು ಸರಕಾರ ಮೀನುಗಾರಿಕೆಗೆ ಪ್ರತ್ಯೇಕ ಇಲಾಖೆಯನ್ನು ತೆರೆದಾಗ, ಅದರ ಮೊದಲಿಗ ಸರ್ ಫ್ರೆಡರಿಕ್ ನಿಕೊಲ್ಸನ್ ಬೂತಾಯಿಯ ಎಣ್ಣೆ ಮತ್ತು ಗೊಬ್ಬರಗಳ ಉದ್ಯಮಕ್ಕೆ ಪ್ರೋತ್ಸಾಹ ಕೊಟ್ಟರು. ಆಗ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರಿಂದ ನಮ್ಮ ಕರಾವಳಿಯೂ ಈ ಕಥೆಯ ಭಾಗವೇ. ನಿಕೊಲ್ಸನ್ನರ ಜೊತೆಗೆ ಬಂದು ಮುಂದೆ ಇಲಾಖೆಯ ನಿರ್ದೇಶಕರಾದ ಜೇಮ್ಸ್ ಹಾರ್ನೆಲ್, ಈ ಮೀನು ಏನು ತಿನ್ನುತ್ತದೆ, ಎಷ್ಟು ಕಾಲ ಬದುಕುತ್ತದೆ ಎಂದು ವರ್ಷಗಟ್ಟಲೆ ಅಳೆದು ನೋಡಿದರು. ವ್ಯಾಪಾರಕ್ಕೆ ಬೇಕಾದ ಪ್ರಶ್ನೆಗಳೇ ಅವು. ಆದರೂ ಉತ್ತರವನ್ನು ಪ್ರಾಮಾಣಿಕವಾಗಿ ಹುಡುಕಿದರೆಂಬುದನ್ನು ಒಪ್ಪಲೇಬೇಕು.

1940ರ ದಶಕದಲ್ಲಿ ಬೂತಾಯಿ ಮತ್ತೆ ಕೈಕೊಟ್ಟಿತು. ಅದೇ ಇಲಾಖೆಯ ದೇವನೇಶನ್ ಎಂಬ ವಿದ್ವಾಂಸರು ಹುರುಪೆಗಳ ಮೇಲಿನ ಗೆರೆಗಳಿಂದ ಮೀನಿನ ವಯಸ್ಸನ್ನು ಓದಲು ಹೊರಟರು. ಅದರ ಮೊಟ್ಟೆಗಳನ್ನೂ ಮೊಟ್ಟೆಯಿಡುವ ನೆಲೆಯನ್ನೂ ಕಂಡುಹಿಡಿದೆನೆಂದು 1943ರಲ್ಲಿ ಪ್ರಕಟಿಸಿದರು. ಅತಿಯಾದ ಹಿಡಿತವೇ ಮೀನು ಕುಗ್ಗಲು ಕಾರಣವೆಂಬ ಅಭಿಪ್ರಾಯ ಬಲವಾಯಿತು. ಅದೇ ವರ್ಷ ಸರಕಾರ ಕೆಲವು ಬಲೆಗಳನ್ನೂ ಮರಿಮೀನಿನ ಹಿಡಿತವನ್ನೂ ನಿರ್ಬಂಧಿಸಿತು. ಈ ದೇಶದ ಕಡಲಿನಲ್ಲಿ, ಶೋಧನೆಯ ಬಲದ ಮೇಲೆ ಮಾಡಿದ ಬಹು ಮೊದಲಿನ ಕಟ್ಟಳೆಗಳಲ್ಲಿ ಇದೊಂದು. ಅದು ನಡೆಯಲಿಲ್ಲ. ಯುದ್ಧದ ಕಾಲ, ಊಟಕ್ಕೇ ತತ್ವಾರ. ನೂರಾರು ಮೈಲಿ ಮರಳುದಂಡೆಯಲ್ಲಿ ದೋಣಿ ದೋಣಿಯನ್ನೂ ತಡೆದು ಮೀನಿನ ಉದ್ದ ಅಳೆಯುವವರು ಯಾರು? ಕೆಲವೇ ವರ್ಷಗಳಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು.

ಇದನ್ನೇ ಮುಂದಿಟ್ಟುಕೊಂಡು, ಶಾಸ್ತ್ರಜ್ಞರ ಮಾತಿನಿಂದ ಆಡಳಿತ ನಡೆಯದು ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆ ಕಟ್ಟಳೆಯ ಹಿಂದೆ ಇದ್ದ ಸಾಕ್ಷ್ಯ ಅರ್ಧವಾಗಿತ್ತು. ಬಲೆಯ ವಿಷಯವನ್ನು ಅದು ಹೇಳಿತೇ ಹೊರತು ನೀರಿನ ವಿಷಯವನ್ನು ಹೇಳಲಿಲ್ಲ. ಬಲೆ ಹಿಡಿದವನ ಒಲೆಯ ವಿಷಯವನ್ನಂತೂ ಕೇಳಲೇ ಇಲ್ಲ.

ನೀರಿನ ವಿಷಯ ಆಮೇಲೆ ತಿಳಿಯಿತು. 1947ರಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾಯಿತು. ಈಗ ಅದರ ಕೇಂದ್ರಸ್ಥಾನ ಕೊಚ್ಚಿ. ಮಳೆಗಾಲದಲ್ಲಿ ಕಡಲಿನ ತಳದ ತಣ್ಣೀರು ಮೇಲೇರಿ, ಕಣ್ಣಿಗೆ ಕಾಣದ ಪಾಚಿಗಳು ಬೆಳೆಯುತ್ತವೆ. ಅವುಗಳಲ್ಲಿ ಫ್ರಾಜಿಲೇರಿಯ ಎಂಬ ಒಂದು ಜಾತಿ ಹೇರಳವಾಗಿದ್ದರೆ ಬೂತಾಯಿಯೂ ಹೇರಳ ಎಂದು 1955ರಲ್ಲಿ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. ಆದರೆ ಆ ಸಂಸ್ಥೆಯ ದೊಡ್ಡ ಕೆಲಸ ಇದಕ್ಕಿಂತ ನೀರಸವಾದದ್ದು. ಅದು ಎಣಿಕೆ. ದೇಶದ ಮೀನನ್ನೆಲ್ಲ ತೂಗಲಾಗದು. ಆದುದರಿಂದ ಗೊತ್ತುಮಾಡಿದ ದಿನ, ಗೊತ್ತುಮಾಡಿದ ದಂಡೆಯಲ್ಲಿ, ಬಂದ ದೋಣಿಗಳಲ್ಲಿ ಕೆಲವನ್ನು ಆರಿಸಿ, ಬುಟ್ಟಿಗಳನ್ನು ಲೆಕ್ಕ ಹಾಕಿ, ಗಣಿತದಿಂದ ಒಟ್ಟು ಮೊತ್ತವನ್ನು ಊಹಿಸುತ್ತಾರೆ. ತಿಂಗಳು ತಿಂಗಳೂ, ವರ್ಷ ವರ್ಷವೂ, ಬಿಡದೆ. ಅಜ್ಜನ ಪುಸ್ತಕಕ್ಕೆ ಜೊತೆಯಾದ ಪ್ರತಿ ನನಗೆ ಸಿಕ್ಕಿದ್ದು ಇಂಥ ಎಣಿಕೆಯಿಂದಲೇ.

ನನ್ನ ಬಾಲ್ಯದ ಕಡಲತೀರವೆಂದರೆ ರಂಪಣಿಯ ತೀರ. ಅರ್ಧ ಮೈಲಿಗೂ ಮಿಕ್ಕಿದ ಬಲೆಯನ್ನು ದೋಣಿಯಲ್ಲಿ ಒಯ್ದು, ಮೀನಿನ ತಂಡವನ್ನು ಬಳಸಿ ಬಿಟ್ಟು, ಎರಡೂ ತುದಿಯನ್ನು ನೂರರ ಹತ್ತಿರ ಜನ ದಡದಿಂದ ಎಳೆಯುತ್ತಿದ್ದರು. ಊರಿಗೆ ಊರೇ ಅಲ್ಲಿ ಇರುತ್ತಿತ್ತು. ಬಲೆಯಲ್ಲಿ ಪಾಲಿದ್ದವರಿಗೆ ಪಾಲು; ಹಗ್ಗಕ್ಕೆ ಕೈಹಚ್ಚಿದ ವಿಧವೆಗೂ ಬುಟ್ಟಿಯಷ್ಟು ಮೀನು. ನಾನು ಕಾಲೇಜಿನಲ್ಲಿದ್ದಾಗ, 1975ರ ಸುಮಾರಿಗೆ, ಪರ್ಸೀನ್ ದೋಣಿಗಳು ಬಂದವು. ನಡುಗಡಲಲ್ಲಿಯೇ ಮೀನನ್ನು ಸುತ್ತಿ, ಬುಡದ ಹಗ್ಗ ಎಳೆದು, ಎಲೆಯಡಕೆಯ ಸಂಚಿಯ ಬಾಯಿ ಬಿಗಿದಂತೆ ಬಲೆಯನ್ನು ಬಿಗಿಯುವ ಕ್ರಮ. ಮೀನು ದಡದವರೆಗೆ ಬರುವುದೇ ನಿಂತಿತು. ಜಗಳಗಳಾದವು. ನಾಲ್ಕಾರು ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. 1943ರಲ್ಲಿ ಅರ್ಧ ಸಾಕ್ಷ್ಯದಿಂದ ಅವಸರದ ಕಟ್ಟಳೆ ಬಂದರೆ, ಇಲ್ಲಿ ಆಗುವುದೆಲ್ಲ ಆಗಿಹೋದ ಮೇಲೆ ಕಾಯಿದೆ ಬಂತು. ಈ ಎರಡನೆಯ ತಪ್ಪನ್ನು ನಾನು ಕ್ಷಮಿಸಲಾರೆ.

ಮಳೆಗಾಲದ ನಿಷೇಧದ ಮಾತೂ ಇದಕ್ಕೆ ಸೇರಿದ್ದು. ನಮ್ಮ ಮೊಗವೀರರು ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಆಮೇಲೆ ದೋಣಿಗಳನ್ನು ಇಳಿಸುತ್ತಿದ್ದರು. ಬೂತಾಯಿ ಮೊಟ್ಟೆಯಿಡುವುದು ಸರಿಯಾಗಿ ಆ ಮಳೆಗಾಲದಲ್ಲಿಯೇ. ಯಂತ್ರ ಬಂದ ಮೇಲೆ ಕಡಲು ತಾನಾಗಿ ಮುಚ್ಚುವುದು ನಿಂತು, ಮುಚ್ಚಲು ಆಜ್ಞೆ ಬೇಕಾಯಿತು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಆದರೆ ಆ ಮೊಟ್ಟೆಗಳಿಂದ ಹುಟ್ಟಿದ ಮರಿಗಳು ದಂಡೆಯ ಬಳಿಗೆ ಬರುವುದು ನಿಷೇಧ ಮುಗಿದ ಮೇಲೆಯೇ!

ಕೇರಳದಲ್ಲಿ 2012ರಲ್ಲಿ ಸುಮಾರು 3 ಲಕ್ಷ 90 ಸಾವಿರ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ನೂರಕ್ಕೆ ಒಂದೂ ಉಳಿಯಲಿಲ್ಲ. 2015ರ ಎಲ್ ನಿನೊದಿಂದ ನೀರು ಬಿಸಿಯಾದದ್ದು, ಮರಿಮೀನುಗಳ ಮಿತಿಮೀರಿದ ಹಿಡಿತ, ಎರಡೂ ಸೇರಿ ಹೀಗಾಯಿತೆಂದು ವಿದ್ವಾಂಸರು ಹೇಳಿದ್ದಾರೆ. ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಕೂಡದೆಂದು ಕೇರಳ 2015ರಲ್ಲಿ ವಿಧಿಸಿತು. ಮೀನಿನ ಕನಿಷ್ಠ ಗಾತ್ರದ ನಿಯಮ ಮುಂದೆ ಕರ್ನಾಟಕಕ್ಕೂ ಬಂತು. ಎಂಬತ್ತು ವರ್ಷಗಳ ಹಿಂದೆ ದಡದಲ್ಲಿ ಸೋತ ಮಾತೇ, ಹೆಚ್ಚು ಪುಷ್ಟವಾದ ಪುರಾವೆಯೊಂದಿಗೆ ಮರಳಿ ಬಂದಿದೆ.

ಕಳೆದ ವರ್ಷ ಮಲ್ಪೆಯ ದಕ್ಕೆಗೆ ಹೋಗಿದ್ದೆ. ಎಣಿಕೆಗೆ ಬಂದ ತರುಣನೊಬ್ಬ ಬೂತಾಯಿಗಳನ್ನು ಒಂದೊಂದಾಗಿ ಹಲಗೆಯ ಮೇಲಿಟ್ಟು ಉದ್ದ ಬರೆದುಕೊಳ್ಳುತ್ತಿದ್ದ. ಹಿಂದೆ ರಂಪಣಿ ಎಳೆದಿದ್ದ ಮುದುಕರೊಬ್ಬರು ಅದನ್ನೇ ನೋಡುತ್ತ ಕುಳಿತಿದ್ದರು.

‘‘ನಮ್ಮ ಕಾಲದಲ್ಲಿ ಇಂಥವರು ಬಂದು ಕೇಳಿದ್ದರೆ ಹೇಳುತ್ತಿದ್ದೆವು, ಮಾಸ್ಟ್ರೇ. ನಮ್ಮನ್ನು ಯಾರೂ ಕೇಳಲಿಲ್ಲ,’’ ಎಂದರು.

ತರುಣ ತಲೆಯೆತ್ತಿ, ‘‘ಅಜ್ಜ, ರಂಪಣಿಯಲ್ಲಿ ಎಷ್ಟುದ್ದದ ಬೂತಾಯಿ ಬರುತ್ತಿತ್ತು?’’ ಎಂದು ಕೇಳಿದ. ಮುದುಕರು ಬಲಗೈ ಚಾಚಿ, ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ತೋರಿಸಿದರು. ಅವನು ಎದ್ದು ಬಂದು ಆ ಕೈಯ ಮೇಲೆ ಅಳತೆಪಟ್ಟಿಯಿಟ್ಟು ನೋಡಿ, ತನ್ನ ಪುಸ್ತಕದ ಅಂಚಿನಲ್ಲಿ ಬರೆದುಕೊಂಡ.