ಪದ್ಯಕ್ಕೊಂದು ಬೇರೆ ಭಾಷೆ: ಕ್ಸಾಂಥೋಸ್ ಕಂಬವೂ ನಮ್ಮ ‘ಪ’ಕಾರವೂ

ತಿರ್ಲಾಪುರದ ಎರಿ ಹೊಲದಾಗ ಯಾರನ್ನ ಕೇಳಿದರೂ ‘ಹಾಲು’, ‘ಹೊಲ’, ‘ಹುಲಿ’ ಅಂತಾರ. ಇವು ಹಿಂದೆ ಪಾಲ್, ಪೊಲ, ಪುಲಿ. ಸುಮಾರು ಹತ್ತನೆಯ ಶತಮಾನದಿಂದ ‘ಪ’ ಸರಿದು ‘ಹ’ ಬರತೊಡಗಿತು. ಆದರೆ ಕವಿಗಳು ‘ಪ’ಕಾರವನ್ನು ಅಷ್ಟು ಬೇಗ ಬಿಡಲಿಲ್ಲ. 13ನೆಯ ಶತಮಾನದ ಕೇಶಿರಾಜ ಈ ಬದಲಾವಣೆಗೆ ಸೂತ್ರ ಬರೆಯುವ ಹೊತ್ತಿಗೂ ಕಾವ್ಯದಲ್ಲಿ ಹಳೆಯ ರೂಪ ಉಳಿದಿತ್ತು. ಶಾಸನಗಳ ಗದ್ಯ ಭಾಗಕ್ಕೆ ‘ಹ’ ನುಸುಳಿದ ಮೇಲೂ ಕಂದ, ವೃತ್ತಗಳು ‘ಪ’ವನ್ನು ಹಿಡಿದುಕೊಂಡೇ ಇರುತ್ತವೆ.

ಈ ಮಾತು ಯಾಕೆಂದರೆ, ಇಂಥದೇ ಒಂದು ಪ್ರಶ್ನೆ ಇಂದಿನ ತುರ್ಕಿಯ ಕ್ಸಾಂಥೋಸ್ ಕಂಬದ ಮುಂದೆಯೂ ಎದ್ದು ನಿಲ್ಲುತ್ತದೆ. ಕ್ರಿ.ಪೂ. 400ರ ಆಸುಪಾಸಿನ ಈ ಕಂಬದ ಮೇಲೆ ಮೂರು ಬರಹಗಳಿವೆ: ಲಿಸಿಯನ್ ಗದ್ಯ, 12 ಸಾಲಿನ ಗ್ರೀಕ್ ಪದ್ಯ, ಮತ್ತೆ ಲಿಸಿಯನ್ನಿಗೆ ತೀರಾ ಹತ್ತಿರದ, ಆದರೆ ಬೇರೆಯೇ ಎನಿಸುವ ಇನ್ನೊಂದು ನುಡಿ. ಅದಕ್ಕೆ ಮಿಲಿಯನ್ ಅಥವಾ ‘ಲಿಸಿಯನ್ ಬಿ’ ಎಂದು ಹೆಸರು. (ನಮ್ಮ ಹತ್ತು ಲಕ್ಷದ ಮಿಲಿಯನ್ ಅಲ್ಲ!) ಈ ನುಡಿಯಲ್ಲಿ ಸಿಕ್ಕಿರುವುದು ಎರಡೇ ಬರಹ. ಇನ್ನೊಂದು ಆಂಟಿಫೆಲ್ಲೋಸಿನ, ಅಂದರೆ ಈಗಿನ ಕಾಶ್ ಊರಿನ, ಒಂದು ಸಮಾಧಿಯ ಮೇಲಿದೆ. ಎರಡೂ ಪದ್ಯವೇ, ಚರಣ ಮುಗಿದಲ್ಲಿ ಒಂದು ಗುರುತನ್ನೂ ಕೊರೆದಿದ್ದಾರೆ.

ಧ್ವನಿಗಳನ್ನು ನೋಡಿ. ಮೂಲದ ‘ಸ್’ ಲಿಸಿಯನ್‌ನಲ್ಲಿ ಬಹುಮಟ್ಟಿಗೆ ‘ಹ್’ ಆಗಿದೆ, ಮಿಲಿಯನ್‌ನಲ್ಲಿ ‘ಸ್’ ಆಗಿಯೇ ಇದೆ. ‘ಎರಡು’ ಎಂಬುದರ ಧಾತು ಲಿಸಿಯನ್‌ನಲ್ಲಿ ‘ಕ್ಬಿ’, ಮಿಲಿಯನ್‌ನಲ್ಲಿ ‘ತ್ಬಿ’. ‘ಯಾರು’ ಎಂಬರ್ಥದ ಸರ್ವನಾಮ ಅಲ್ಲಿ ‘ತಿ’, ಇಲ್ಲಿ ‘ಕಿ’. ಮೂರರಲ್ಲೂ ಹಳೆಯದನ್ನು ಕಾಯ್ದುಕೊಂಡದ್ದು ಮಿಲಿಯನ್ನೇ. ಹಂಗಂತ ಅದು ಲಿಸಿಯನ್ನರ ‘ಹಳಗನ್ನಡ’ ಎಂದುಬಿಡಬಹುದೆ? ನನ್ನ ಒಲವು ಆ ಕಡೆಗೇ. ಮಿಲಿಯಾಸ್ ಎಂಬ ಒಳನಾಡಿನ ಹೆಸರನ್ನು ಈ ನುಡಿಗೆ ಕಟ್ಟಿದ್ದಾರೆ, ಆದರೆ ಎರಡು ಬರಹವೂ ಸಿಕ್ಕಿದ್ದು ಲಿಸಿಯನ್ನರ ಊರುಗಳಲ್ಲೇ. ಆದರೂ ಒಂದು ತೊಡಕಿದೆ: ಪಕ್ಕದ ಪ್ರದೇಶದ ಆಡುನುಡಿಯೂ ಹಳೆಯ ಧ್ವನಿಗಳನ್ನು ಉಳಿಸಿಕೊಳ್ಳಬಲ್ಲದು. ನಮ್ಮಲ್ಲಿ ಒಂದೇ ಕಲ್ಲಿನ ಗದ್ಯ, ಪದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಮಿಲಿಯನ್‌ನಲ್ಲಿ ಗದ್ಯವೇ ಇಲ್ಲ.

ಮೂರು ಭಾಷೆಯ ಕಲ್ಲು ಬೇಕೆಂದರೆ ನಮ್ಮ ನೆರೆಯಲ್ಲೇ ಇದೆ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದಲ್ಲಿ ಬರೆಸಿದ ಹತ್ತನೆಯ ಶತಮಾನದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಉಂಟು. ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ತಿಳಿಯುವುದೂ ಅಲ್ಲಿಂದಲೇ. ತೆಲುಗಿಗೆ ಅಲ್ಲಿ ಸಿಕ್ಕಿದ್ದು ಕಂದಪದ್ಯ. ಆ ಕಾಲದ ತೆಲುಗು ಗದ್ಯ ಶಾಸನಗಳೂ ನಮಗೆ ಸಿಕ್ಕಿರುವುದರಿಂದ ಅದನ್ನು ಯಾರೂ ಬೇರೆ ಭಾಷೆ ಎಂದು ಎಣಿಸಲಿಲ್ಲ.