ಸುಗಟೂರು ಸೀಮೆಯ ಹೆದ್ದಾರಿ ಮತ್ತು ಕಿಡಿಯ ಹೊತ್ತು

ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸುಗಟೂರಿನ ಹೆಸರು ಹೊತ್ತ ನಾಡಪ್ರಭುಗಳು ವಿಜಯನಗರದ ಕೊನೆಗಾಲದಲ್ಲಿ ಕೋಲಾರ, ಮುಳಬಾಗಿಲು ಸೀಮೆಗಳನ್ನು ಆಳುತ್ತಿದ್ದರು. ಅವರಲ್ಲಿ ತಮ್ಮೇಗೌಡನು 1595ರ ಸುಮಾರಿಗೆ ಹೊಸಕೋಟೆಯ ಕೋಟೆಯನ್ನು ಕಟ್ಟಿಸಿದನು. 1638ರಲ್ಲಿ ಈ ಪ್ರದೇಶ ಬಿಜಾಪುರದ ಕೈಸೇರಿ ಈ ನಾಡಪ್ರಭುಗಳ ಆಳ್ವಿಕೆ ಮುಗಿಯಿತಾದರೂ ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ಪೋಣಿಸಿದ ದಾರಿ ಉಳಿಯಿತು. ಬೆಂಗಳೂರು–ಮದ್ರಾಸು ರಸ್ತೆಯೆಂದು, ಬಳಿಕ ರಾಷ್ಟ್ರೀಯ ಹೆದ್ದಾರಿ 4 ಎಂದು, ಈಗ 75 ಎಂದು ಕರೆಯಲ್ಪಡುವ ಈ ದಾರಿಗೆ ಮೋಟಾರು ವಾಹನಗಳು ಬಂದಾಗ ಅವುಗಳ ಹಿಂದೆಯೇ ಬಂದ ಹೊಸ ಕಸುಬುಗಳಲ್ಲಿ ಎಂಜಿನ್ನಿನ ಟೈಮಿಂಗ್ ನೋಡಿ ಸರಿಪಡಿಸುವುದೂ ಒಂದು.

ಟೈಮಿಂಗ್ ಎಂದರೆ ಸಿಲಿಂಡರಿನೊಳಗೆ ಒತ್ತಲ್ಪಟ್ಟ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಗಲುವ ಹೊತ್ತನ್ನು ಗೊತ್ತುಪಡಿಸುವುದು. ಮಿಶ್ರಣ ಉರಿದು ಮುಗಿಯಲು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗಗಳಷ್ಟು ಕಾಲ ಬೇಕಾಗುವುದರಿಂದ, ಪಿಸ್ಟನ್ ಮೇಲಿನ ತುದಿ ಮುಟ್ಟಿದ ಮೇಲೆ ಕಿಡಿ ಹಾರಿಸಿದರೆ ಒತ್ತಡ ತಡವಾಗಿ ಹುಟ್ಟಿ ಶಕ್ತಿ ವ್ಯರ್ಥವಾಗುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನ ಕ್ರ್ಯಾಂಕ್ ದಂಡ ಒಂದು ಸೆಕೆಂಡಿನಲ್ಲಿ 18,000 ಡಿಗ್ರಿ ಕ್ರಮಿಸುತ್ತದೆ. ಆ ಎರಡು ಮೂರು ಭಾಗಗಳಲ್ಲಿಯೇ ಅದು 36ರಿಂದ 54 ಡಿಗ್ರಿ ತಿರುಗಿರುತ್ತದೆ. ಹಾಗಾಗಿ ಕಿಡಿ ಮೊದಲೇ ಹಾರಬೇಕು, ವೇಗ ಹೆಚ್ಚಿದಷ್ಟೂ ಇನ್ನೂ ಮೊದಲೇ ಹಾರಬೇಕು; ಇದಕ್ಕೆ ಅಡ್ವಾನ್ಸ್ ಎನ್ನುತ್ತಾರೆ, ಹಿಂದಕ್ಕೆ ಸರಿಸುವುದಕ್ಕೆ ರಿಟಾರ್ಡ್. ಅಡ್ವಾನ್ಸ್ ಮಿತಿಮೀರಿದರೆ ಉಳಿದ ಮಿಶ್ರಣ ತಾನಾಗಿಯೇ ಸಿಡಿದು ಲೋಹ ಕುಟ್ಟಿದ ಸದ್ದು ಬರುತ್ತದೆ, ಅದೇ ನಾಕಿಂಗ್.

ಆರಂಭದ ದಿನಗಳಲ್ಲಿ ಈ ಕೆಲಸ ಚಾಲಕನ ಕೈಯಲ್ಲೇ ಇತ್ತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟಿಯರಿಂಗ್ ಚಕ್ರದ ಕೆಳಗೆ ಎಡಕ್ಕೊಂದು ಕಿಡಿಯ ಲಿವರ್, ಬಲಕ್ಕೊಂದು ಥ್ರಾಟಲ್ ಲಿವರ್ ಇದ್ದವು. ಹ್ಯಾಂಡಲ್ ಹಾಕಿ ತಿರುಗಿಸುವ ಮುನ್ನ ಕಿಡಿಯ ಲಿವರನ್ನು ಹಿಂದಕ್ಕೆ ಸರಿಸಲು ಮರೆತವನ ಮಣಿಕಟ್ಟು, ಎಂಜಿನ್ ಹಿಮ್ಮುಖವಾಗಿ ಒದ್ದು, ಮುರಿಯುತ್ತಿದ್ದುದೂ ಉಂಟು. ಕಿಡಿಯನ್ನು ನಂಬಿಕಸ್ಥವಾಗಿ ಹುಟ್ಟಿಸುವ ಹೈ ವೋಲ್ಟೇಜ್ ಮ್ಯಾಗ್ನೆಟೊ 1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಯಾಗಾರದಲ್ಲಿ ಗಾಟ್ಲೋಬ್ ಹೊನಾಲ್ಡ್ ಎಂಬ ಎಂಜಿನಿಯರನಿಂದ ರೂಪುಗೊಂಡಿತು. ಬ್ಯಾಟರಿ, ಕಾಯಿಲ್ ಮತ್ತು ವಿದ್ಯುತ್ ಹರಿವನ್ನು ಕಡಿಯುವ ಪಾಯಿಂಟುಗಳ ವ್ಯವಸ್ಥೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್‌ನಿಂದ 1910ರ ಕ್ಯಾಡಿಲಾಕ್‌ಗೆ ಬಂದಿತು. ಈ ಎರಡನೆಯದೇ ಮುಂದಿನ ಅರವತ್ತು ಎಪ್ಪತ್ತು ವರ್ಷ ಹೆಚ್ಚಿನ ಕಾರುಗಳಲ್ಲಿ ನಿಂತಿತು.

ಎರಡನೆಯ ಮಹಾಯುದ್ಧದ ಕಾಲ ಈ ಕಸುಬಿನ ಇತಿಹಾಸದಲ್ಲಿ ಬೇರೆಯೇ ಅಧ್ಯಾಯ. ಪೆಟ್ರೋಲಿಗೆ ಪಡಿತರ ಬಿದ್ದಾಗ ಮೈಸೂರು ಸಂಸ್ಥಾನದ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಗಳು ಬಂದವು. ಅವುಗಳಲ್ಲಿ ಇದ್ದಿಲನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿ, ಬಂದ ಗ್ಯಾಸನ್ನು ತಣಿಸಿ, ಸೋಸಿ ಎಂಜಿನ್ನಿಗೆ ಕೊಡಲಾಗುತ್ತಿತ್ತು. ಆ ಗ್ಯಾಸಿನಲ್ಲಿ ಉರಿಯುವ ಅಂಶ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್, ಅರ್ಧಕ್ಕಿಂತ ಹೆಚ್ಚು ಭಾಗ ಉರಿಯದ ಸಾರಜನಕ. ಜ್ವಾಲೆ ಪೆಟ್ರೋಲಿನದಕ್ಕಿಂತ ನಿಧಾನವಾಗಿ ಹರಡುವುದರಿಂದ ಕಿಡಿಯನ್ನು ಹತ್ತು ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಮುಂದಕ್ಕೆ ತರದೆ ಗಾಡಿ ಏರು ಹತ್ತುತ್ತಿರಲಿಲ್ಲ, ತಂದರೂ ಶಕ್ತಿ ಅರ್ಧಕ್ಕೆ ಹತ್ತಿರ ಇಳಿಯುತ್ತಿತ್ತು. ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಳಿಕ ಗ್ಯಾಸಿಗೆ ಬದಲಿಸುವ ಕ್ರಮವಿದ್ದುದರಿಂದ ಒಂದೇ ಎಂಜಿನ್ನಿಗೆ ಎರಡು ಟೈಮಿಂಗ್ ಬೇಕಾಗುತ್ತಿತ್ತು. ಟೈಮಿಂಗ್ ಎಂಬುದು ಎಂಜಿನ್ನಿನ ಜೊತೆಯಲ್ಲೇ ಹುಟ್ಟಿದ ಸ್ಥಿರ ಅಂಕಿಯಲ್ಲ, ಇಂಧನಕ್ಕೂ ರಸ್ತೆಗೂ ತಕ್ಕಂತೆ ಇಡಬೇಕಾದದ್ದು ಎಂಬುದನ್ನು ಈ ಇದ್ದಿಲು ಬಸ್ಸುಗಳು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಲಿಸಿದವೆನ್ನಬೇಕು.

ದೇಶದಲ್ಲೇ ಮೋಟಾರು ತಯಾರಿಸುವ ಯತ್ನಗಳಿಗೂ ಈ ಜಿಲ್ಲೆಯ ನಂಟಿದೆ. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ದೇಶದಲ್ಲೇ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ರೂಪಿಸಿ ಅದಕ್ಕಾಗಿ ವಿದೇಶಗಳನ್ನು ಸುತ್ತಿದರು. ಸ್ವಾತಂತ್ರ್ಯಾನಂತರ, 1951ರಲ್ಲಿ, ಬೆಂಗಳೂರಿನಲ್ಲಿ ಬಾಷ್ ಸಹಯೋಗದ ಮೈಕೊ ಸ್ಥಾಪನೆಯಾಗಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳು ಇಲ್ಲಿಯೇ ತಯಾರಾಗತೊಡಗಿದವು. 1961ರಲ್ಲಿ ಮದ್ರಾಸಿನ ಲೂಕಾಸ್-ಟಿವಿಎಸ್ ಆರಂಭವಾಯಿತು. ಈ ಹೆದ್ದಾರಿಯ ಎರಡು ತುದಿಗಳಲ್ಲಿ ಎಂಜಿನ್ನಿನ ವಿದ್ಯುತ್ ಭಾಗಗಳ ಕಾರ್ಖಾನೆಗಳು, ನಡುವೆ ಅವನ್ನು ಕಳಚಿ ಜೋಡಿಸುವ ಗ್ಯಾರೇಜುಗಳು.

1957ರ ಅಂಬಾಸಿಡರ್ ಕಾರಿನಲ್ಲಿ ಈ ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ ಹ್ಯಾಂಡಲ್ ತಿರುಗಿಸಿದರೆ ಗಾಳಿ ಬೆರಳನ್ನು ತಳ್ಳುವ ಹೊತ್ತಿಗೆ ಪಿಸ್ಟನ್ ಒತ್ತಡದ ಹೊಡೆತದಲ್ಲಿದೆಯೆಂದು ತಿಳಿಯುತ್ತದೆ. ಆಗ ಪುಲ್ಲಿಯ ಮೇಲಿನ ಗೀರನ್ನು ಎಂಜಿನ್ನಿನ ಮುಚ್ಚಳದ ಮೊನೆಗೆ ಸರಿಹೊಂದಿಸಬೇಕು. ಡಿಸ್ಟ್ರಿಬ್ಯೂಟರ್ ಎಂಬ ಭಾಗ ನಾಲ್ಕು ಪ್ಲಗ್ಗುಗಳಿಗೆ 1-3-4-2 ಎಂಬ ಸರದಿಯಲ್ಲಿ ಕಿಡಿ ಹಂಚುತ್ತದೆ. ಅದರೊಳಗಿನ ಪಾಯಿಂಟುಗಳು ತೆರೆದ ಕ್ಷಣವೇ ಕಿಡಿಯ ಕ್ಷಣ. ಪಾಯಿಂಟುಗಳ ಸಂದನ್ನು ಫೀಲರ್ ಗೇಜಿನಿಂದ 15 ಥೌ, ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ 15 ಭಾಗಕ್ಕೆ ಇಟ್ಟು, ಚಿಕ್ಕ ಬಲ್ಬೊಂದರ ತಂತಿಯನ್ನು ಪಾಯಿಂಟಿಗೂ ಬಾಡಿಗೂ ಜೋಡಿಸಿ, ಬೋಲ್ಟ್ ಸಡಿಲಿಸಿದ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿ, ಬಲ್ಬು ಹೊತ್ತಿದ ಜಾಗದಲ್ಲಿ ಬಿಗಿಮಾಡಲಾಗುತ್ತಿತ್ತು. ಪಾಯಿಂಟಿನ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿ ತಡವಾಗುತ್ತಿದ್ದುದರಿಂದ, ಇಟ್ಟ ಟೈಮಿಂಗ್ ಕೆಲವು ಸಾವಿರ ಮೈಲಿಗಳಲ್ಲಿ ತಾನೇ ಜಾರುತ್ತಿತ್ತು; ಮೆಕ್ಯಾನಿಕ್ಕಿನ ಹೊಟ್ಟೆಪಾಡು ನಿಂತಿದ್ದದ್ದೇ ಈ ಸವೆತದ ಮೇಲೆ.

ಬಲ್ಬಿನ ಲೆಕ್ಕ ಮುಗಿದ ಮೇಲೆ ಕಿವಿಯ ಲೆಕ್ಕ. ಗಾಡಿಯನ್ನು ಟಾಪ್ ಗೇರಿನಲ್ಲಿ ನಿಧಾನವಾಗಿ ಓಡಿಸಿ ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಸಣ್ಣಗೆ ನಾಕಿಂಗ್ ಕೇಳಿಸಿ ವೇಗ ಏರುತ್ತಲೇ ಮಾಯವಾದರೆ ಟೈಮಿಂಗ್ ಸರಿಯಿದೆಯೆಂದು ತೀರ್ಮಾನ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದ್ದು, ತೆಳುವಾದ ಗಾಳಿಯಲ್ಲಿ ನಾಕಿಂಗ್ ಕಡಿಮೆಯಾಗುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಅಡ್ವಾನ್ಸ್ ನಡೆಯುತ್ತದೆ. ಅದೇ ಗಾಡಿ ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿದು ಚಿತ್ತೂರು ಸೇರಿ, ತುಂಬಿದ ಸಾಮಾನಿನೊಡನೆ ಮರಳಿ ಏರುವಾಗ ಕುಟ್ಟತೊಡಗಬಹುದು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಾಗಲೂ ಇದೇ ಕುಟ್ಟುವಿಕೆ, ಮದ್ದು ಕೂಡ ಅದೇ, ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುವುದು. ಕಲಬೆರಕೆ ಮಾಡಿದವನ ತಪ್ಪಿಗೆ ಮೈಲೇಜ್ ಕಳೆದುಕೊಂಡು ದಂಡ ತೆತ್ತವನು ಗಾಡಿಯ ಮಾಲೀಕನೇ.

ಈ ವಿದ್ಯೆಯನ್ನು ಮೊದಲು ಬದಿಗೆ ಸರಿಸಿದ್ದು ಡೀಸೆಲ್, ಏಕೆಂದರೆ ಅದಕ್ಕೆ ಕಿಡಿಯೇ ಬೇಡ. ಅಲ್ಲಿ ನೋಡಬೇಕಾದದ್ದು ಪಂಪು ಎಣ್ಣೆ ಚಿಮ್ಮಿಸುವ ಹೊತ್ತನ್ನು. ಪೆಟ್ರೋಲ್ ಎಂಜಿನ್ನುಗಳಲ್ಲಿ ಮೊದಲು ಪಾಯಿಂಟುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಕಿಡಿ ಬಂತು. 1979ರಲ್ಲಿ ಬಾಷ್ ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಕಂಪ್ಯೂಟರಿಗೆ ವಹಿಸಿದ ವ್ಯವಸ್ಥೆ ಸುಮಾರು ಎರಡು ದಶಕಗಳ ಬಳಿಕ ಇಲ್ಲಿನ ಸಾಮಾನ್ಯ ಕಾರುಗಳಿಗೂ ಬಂದಿತು. ಕ್ರ್ಯಾಂಕಿನ ಸ್ಥಾನವನ್ನು ಒಂದು ಸೆನ್ಸರ್ ಓದುತ್ತದೆ, ಹಲವು ಎಂಜಿನ್ನುಗಳಲ್ಲಿ ಮತ್ತೊಂದು ಸೆನ್ಸರ್ ನಾಕಿಂಗಿನ ಕಂಪನವನ್ನೇ ಆಲಿಸಿ ಕಿಡಿಯನ್ನು ಹಿಂದಕ್ಕೆಳೆಯುತ್ತದೆ. ಮೊಗಿಲಿ ಘಾಟಿನ ಏರಿನಲ್ಲಿ ಅದು ನಡೆದದ್ದು ಚಾಲಕನಿಗೆ ತಿಳಿಯುವುದೂ ಇಲ್ಲ.

2013ರಲ್ಲಿ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಹೋಂಡಾದ ದ್ವಿಚಕ್ರ ವಾಹನ ಕಾರ್ಖಾನೆ ಕೆಲಸ ಆರಂಭಿಸಿತು. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಯಾದಾಗ ಹೋಂಡಾದ ಸ್ಕೂಟರುಗಳಿಂದಲೂ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮರೆಯಾಗಿ ಆ ಕೆಲಸವೂ ಕಂಪ್ಯೂಟರಿನದಾಯಿತು. ಇಂಥ ಎಂಜಿನ್ನುಗಳಲ್ಲಿ ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟ್ ಹಿಡಿದು ಗೀರನ್ನು ಪರೀಕ್ಷಿಸಬಹುದೇ ಹೊರತು ಸಡಿಲಿಸಿ ತಿರುಗಿಸಲು ಯಾವ ಬೋಲ್ಟೂ ಇಲ್ಲ. ಗೀರು ತಪ್ಪಿ ಕಂಡರೆ ಸೆನ್ಸರನ್ನೋ ಕಂಪ್ಯೂಟರನ್ನೋ ಬದಲಿಸಬೇಕಾಗುತ್ತದೆ.