ಒಂದು ಡಾಲರ್ ಟಿಕೆಟ್ ಕಾಪಾಡಿದ ಕಟ್ಟಡ

ನ್ಯೂಯಾರ್ಕ್‌ಗೆ ಹೋದವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಇದು: ಯಾವ ಕಟ್ಟಡ ಹತ್ತೋದು? ಎಂಪೈರ್ ಸ್ಟೇಟ್ ಹತ್ತೋದಾ, ರಾಕ್‌ಫೆಲ್ಲರ್ ಸೆಂಟರ್ ಹತ್ತೋದಾ, ಟ್ವಿನ್ ಟವರ್ ಬಿದ್ದ ಜಾಗದಲ್ಲಿ ಎದ್ದಿರುವ ಹೊಸ ಗೋಪುರ ಹತ್ತೋದಾ? ನ್ಯೂಜೆರ್ಸಿಯಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗುವ ನಮ್ಮೂರಿನ ಅಪ್ಪ ಅಮ್ಮಂದಿರಿಗೂ ಈ ಪ್ರಶ್ನೆ ಬರುತ್ತೆ. ಯಾಕೆಂದರೆ ಈಗ ಈ ಕಟ್ಟಡಗಳ ತುದಿಗೆ ಹೋಗಬೇಕಾದರೆ ತಲೆಗೆ 40 ಡಾಲರ್ ಮೇಲೆಯೇ ಬೇಕು. ನಾಲ್ಕು ಜನ ಹೋದರೆ ನಮ್ಮ ರೂಪಾಯಿಯಲ್ಲಿ ಹದಿಮೂರು ಸಾವಿರ ದಾಟಿ ಹೋಗುತ್ತೆ. ಎರಡು ಕಟ್ಟಡ ಹತ್ತಿದರೆ ಅದರ ಎರಡರಷ್ಟು. ಹಾಗಾಗಿ ಒಂದನ್ನು ಆರಿಸಲೇಬೇಕು.

ವೀಕ್ಷಕರೇ, ಆರಿಸುವ ಮುಂಚೆ ಒಂದು ಮಾತು ಕೇಳಿ. ಆಫೀಸು ನಡೆಸಲು ಕಟ್ಟಿದ ಕಟ್ಟಡದ ತಲೆಯ ಮೇಲೆ ಬೀದಿಯಲ್ಲಿ ಹೋಗುವ ನಿಮಗೂ ನನಗೂ ಯಾಕೆ ಜಾಗ ಕೊಟ್ಟರು? ಪುಣ್ಯಕ್ಕಾ? ಖಂಡಿತ ಅಲ್ಲ. ಅದರ ಹಿಂದೆ ನೂರು ವರ್ಷದ ಕಥೆ ಇದೆ. ಹಣದ ಕಥೆ, ಹಠದ ಕಥೆ, ಭಯದ ಕಥೆ. ಆ ಕಥೆ ಗೊತ್ತಾದರೆ ಯಾವುದು ಹತ್ತಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ.

1913ರಿಂದ ಶುರು ಮಾಡೋಣ. ಐದು ಸೆಂಟ್, ಹತ್ತು ಸೆಂಟ್‌ಗೆ ಸಾಮಾನು ಮಾರುವ ಅಂಗಡಿಗಳನ್ನಿಟ್ಟು ಕೋಟ್ಯಧೀಶನಾದವನು ಫ್ರಾಂಕ್ ವೂಲ್‌ವರ್ತ್. ಅವನು ಮ್ಯಾನ್‌ಹಟನ್‌ನಲ್ಲಿ 792 ಅಡಿ ಎತ್ತರದ ಕಟ್ಟಡ ಎಬ್ಬಿಸಿದ. ಆಗ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಅದರ 58ನೇ ಮಹಡಿಯಲ್ಲಿ ಅಬ್ಸರ್ವೇಶನ್ ಡೆಕ್ ಇತ್ತು. ದುಡ್ಡು ಕೊಟ್ಟು ಜನ ಹತ್ತಿದರು, ಬಂದರು ನೋಡಿದರು, ಹಡಗು ನೋಡಿದರು. 1941ರಲ್ಲಿ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವ ಹೊತ್ತಿಗೆ ಆ ಡೆಕ್ ಮುಚ್ಚಿತು. ಅಲ್ಲಿಂದ ಬಂದರು ಅಷ್ಟು ಚೆನ್ನಾಗಿ ಕಾಣುತ್ತಿದ್ದದ್ದೇ ಅದಕ್ಕೆ ಮುಳುವಾಯಿತು. ಯುದ್ಧದ ಕಾಲದಲ್ಲಿ ಹಡಗುಗಳ ಓಡಾಟ ಯಾರು ಬೇಕಾದರೂ ನೋಡಬಹುದು ಅಂದರೆ ಯಾವ ಸರ್ಕಾರ ಸುಮ್ಮನಿರುತ್ತೆ? ಯುದ್ಧ ಮುಗಿದ ಮೇಲೂ ಆ ಡೆಕ್ ಜನರಿಗೆ ಮತ್ತೆ ಸಿಗಲಿಲ್ಲ.

ಮುಂದಿನದು ಹಠದ ಕಥೆ. 1929ರಲ್ಲಿ ನ್ಯೂಯಾರ್ಕ್‌ನಲ್ಲಿ ಎರಡು ಕಟ್ಟಡ ಜಿದ್ದಿಗೆ ಬಿದ್ದಿದ್ದವು. ಒಂದು ಕಾರು ಕಂಪನಿಯ ಮಾಲೀಕ ವಾಲ್ಟರ್ ಕ್ರೈಸ್ಲರ್‌ನದು. ಇನ್ನೊಂದು 40 ವಾಲ್ ಸ್ಟ್ರೀಟ್. ವಾಲ್ ಸ್ಟ್ರೀಟ್‌ನವರು 927 ಅಡಿಗೆ ಏರಿ ಗೆದ್ದೆವು ಅಂದುಕೊಂಡರು. ಆದರೆ ಕ್ರೈಸ್ಲರ್ ಕಡೆಯವರು ಕಟ್ಟಡದ ಒಳಗೇ ಗುಟ್ಟಾಗಿ 185 ಅಡಿಯ ಉಕ್ಕಿನ ಶಿಖರ ಜೋಡಿಸಿಟ್ಟುಕೊಂಡಿದ್ದರು! 1929ರ ಅಕ್ಟೋಬರ್ 23ರಂದು ಅದನ್ನು ಮೇಲಕ್ಕೆತ್ತಿ ನಿಲ್ಲಿಸಿಬಿಟ್ಟರು. 1,046 ಅಡಿ. ಜಗತ್ತಿನ ಅತಿ ಎತ್ತರದ ಕಟ್ಟಡ.

ಮರುದಿನ ಏನಾಯಿತು ಗೊತ್ತಾ? ಅಕ್ಟೋಬರ್ 24. ಅಮೆರಿಕದ ಷೇರುಪೇಟೆ ಕುಸಿಯಲು ಶುರುವಾದ ದಿನ. ಶಿಖರ ಮೇಲಕ್ಕೆ ಹೋಯಿತು, ದೇಶ ಕೆಳಕ್ಕೆ ಹೋಯಿತು.

ಬುದ್ಧಿ ಇರುವವನು ಆಗ ಏನು ಮಾಡಬೇಕಿತ್ತು? ಹೊಸ ಕಟ್ಟಡದ ಯೋಚನೆ ಕೈಬಿಡಬೇಕಿತ್ತು. ಆದರೆ ಜಾನ್ ರಾಸ್ಕಾಬ್ ಬಿಡಲಿಲ್ಲ. ಕ್ರೈಸ್ಲರ್‌ನ ಎದುರಾಳಿ ಕಂಪನಿ ಜನರಲ್ ಮೋಟಾರ್ಸ್‌ನ ಹಣಕಾಸು ನೋಡಿಕೊಂಡಿದ್ದ ಮನುಷ್ಯ ಇವನು. ಜೊತೆಗೆ ನ್ಯೂಯಾರ್ಕ್‌ನ ಮಾಜಿ ಗವರ್ನರ್ ಆಲ್ ಸ್ಮಿತ್. 1928ರ ಅಧ್ಯಕ್ಷ ಚುನಾವಣೆಯಲ್ಲಿ ಹರ್ಬರ್ಟ್ ಹೂವರ್ ಎದುರು ಸೋತಿದ್ದವನು. ಇಬ್ಬರೂ ಸೇರಿ ಹಳೇ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್ ಇದ್ದ ಜಾಗದಲ್ಲಿ 1930ರ ಮಾರ್ಚ್ 17ರಂದು ಕಟ್ಟುವ ಕೆಲಸ ಶುರು ಮಾಡಿಸಿದರು. 410 ದಿನ. ಅಷ್ಟೇ. ಅಷ್ಟರಲ್ಲಿ 102 ಮಹಡಿಯ, 1,250 ಅಡಿಯ ಎಂಪೈರ್ ಸ್ಟೇಟ್ ಎದ್ದು ನಿಂತಿತು. ಒಂದೊಂದು ದಿನ ಮೂರು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ವಾರಕ್ಕೆ ನಾಲ್ಕೂವರೆ ಮಹಡಿಯ ವೇಗ. ನಮ್ಮಲ್ಲಿ ಒಂದು ಮೇಲ್ಸೇತುವೆಗೆ ಎಷ್ಟು ವರ್ಷ ಹಿಡಿಯುತ್ತೆ ಅಂತ ನಾನು ಇಲ್ಲಿ ಹೇಳಲ್ಲ, ನಿಮಗೇ ಗೊತ್ತು. ಆದರೆ ಆ ವೇಗಕ್ಕೆ ಬೆಲೆಯೂ ಇತ್ತು. ಅಧಿಕೃತ ಲೆಕ್ಕದ ಪ್ರಕಾರ ಐದು ಕಾರ್ಮಿಕರು ಸತ್ತರು.

1931ರ ಮೇ 1. ಅಧ್ಯಕ್ಷರು ವಾಷಿಂಗ್ಟನ್‌ನಲ್ಲಿ ಕೂತು ಗುಂಡಿ ಒತ್ತಿ ಕಟ್ಟಡ ಉದ್ಘಾಟಿಸಿದರು. ಆ ಅಧ್ಯಕ್ಷ ಯಾರು? ಅದೇ ಹೂವರ್! ತನ್ನನ್ನು ಸೋಲಿಸಿದವನ ಕೈಯಲ್ಲೇ ತನ್ನ ಕಟ್ಟಡದ ದೀಪ ಬೆಳಗಿಸಿಕೊಳ್ಳಬೇಕಾಯಿತು ಆಲ್ ಸ್ಮಿತ್.

ದೀಪ ಹೊತ್ತಿತು, ಬಾಡಿಗೆಗೆ ಮಾತ್ರ ಜನ ಬರಲಿಲ್ಲ. ಎಲ್ಲಿಂದ ಬರಬೇಕು? ಕಂಪನಿಗಳೇ ಮುಳುಗುತ್ತಿದ್ದ ಕಾಲ. ಕಟ್ಟಡದ ಕಾಲು ಭಾಗವೂ ತುಂಬಿರಲಿಲ್ಲ. ಎಂಪೈರ್ ಸ್ಟೇಟ್ ಅನ್ನೋ ಹೆಸರನ್ನೇ ತಿರುಚಿ ಜನ 'ಎಂಪ್ಟಿ ಸ್ಟೇಟ್' ಅಂತ ಆಡಿಕೊಂಡರು. ಆಕಾಶದಲ್ಲಿ ತೇಲುವ ಏರ್‌ಶಿಪ್‌ಗಳನ್ನು ತುದಿಗೆ ಕಟ್ಟಿ ಪ್ರಯಾಣಿಕರನ್ನು ಅಲ್ಲೇ ಇಳಿಸಿಕೊಳ್ಳುತ್ತೇವೆ ಅಂತ ಹೇಳಿ ಒಂದು ಕಂಬವನ್ನೂ ನಿಲ್ಲಿಸಿದ್ದರು. ಆ ಎತ್ತರದ ಗಾಳಿಗೆ ಅದೆಲ್ಲಿ ಸಾಧ್ಯ? ಒಂದು ಚಿಕ್ಕ ಏರ್‌ಶಿಪ್ ಕೆಲವೇ ನಿಮಿಷ ಬಂದು ಕಟ್ಟಿಕೊಂಡಿದ್ದು ಬಿಟ್ಟರೆ ಆ ಕನಸು ಅಲ್ಲಿಗೇ ಮುಗಿಯಿತು.

ಹಾಗಾದರೆ ಕಟ್ಟಡವನ್ನು ಉಳಿಸಿದವರು ಯಾರು? ಇಲ್ಲಿದೆ ವಿಷಯ. 86ನೇ ಮಹಡಿಯಲ್ಲಿ ಒಂದು ಡೆಕ್ ಇತ್ತು. ಟಿಕೆಟ್ ಒಂದು ಡಾಲರ್. ಮೊದಲ ವರ್ಷ ಆಫೀಸುಗಳ ಬಾಡಿಗೆಯಿಂದ ಬಂದಷ್ಟೇ ಆದಾಯ ಹೆಚ್ಚೂಕಡಿಮೆ ಈ ಡೆಕ್‌ನಿಂದಲೂ ಬಂತು ಅಂತಾರೆ. ಕೆಲಸ ಇಲ್ಲದೆ ಲಕ್ಷಾಂತರ ಜನ ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದ ದಿನಗಳಲ್ಲಿ, ಒಂದು ಡಾಲರ್ ಸಣ್ಣ ಮೊತ್ತ ಅಲ್ಲದ ದಿನಗಳಲ್ಲಿ, ಜನ ಅದನ್ನು ಕೊಟ್ಟು ಮೇಲೆ ಹತ್ತಿದರು. ದೊಡ್ಡವರ ಲೆಕ್ಕಾಚಾರ ತಪ್ಪಿದಾಗ ಸಾಮಾನ್ಯನ ಪುಡಿಗಾಸು ಕೈಹಿಡಿಯಿತು. ಕಟ್ಟಡ ಲಾಭ ಕಂಡದ್ದು 1950ರ ದಶಕದಲ್ಲಿ. ಅಲ್ಲಿಯವರೆಗೂ ಆ ಡೆಕ್ ದುಡಿಯುತ್ತಲೇ ಇತ್ತು.

ಭಯದ ಕಥೆಯೂ ಅಲ್ಲೇ ಇದೆ. 1945ರ ಜುಲೈ 28, ಶನಿವಾರ ಬೆಳಗ್ಗೆ. ದಟ್ಟ ಮಂಜು. ಅಮೆರಿಕದ್ದೇ ಒಂದು ಬಿ-25 ಬಾಂಬರ್ ವಿಮಾನ ದಾರಿ ತಪ್ಪಿ ಬಂದು 79ನೇ ಮಹಡಿಗೆ ಅಪ್ಪಳಿಸಿತು. ವಿಮಾನದಲ್ಲಿದ್ದ ಮೂವರು, ಕಟ್ಟಡದಲ್ಲಿದ್ದ ಹನ್ನೊಂದು ಜನ, ಒಟ್ಟು ಹದಿನಾಲ್ಕು ಮಂದಿ ಸತ್ತರು. ಬೆಟ್ಟಿ ಲೂ ಆಲಿವರ್ ಅನ್ನೋ ಲಿಫ್ಟ್ ನಡೆಸುವ ಹೆಣ್ಣುಮಗಳು ಸುಮಾರು 75 ಮಹಡಿ ಕೆಳಕ್ಕೆ ಲಿಫ್ಟ್ ಸಮೇತ ಬಿದ್ದರೂ ಬದುಕಿದಳು. ಕಟ್ಟಡವೂ ನಿಂತಿತು. ಸೋಮವಾರ ಹಲವು ಮಹಡಿಗಳಲ್ಲಿ ಎಂದಿನಂತೆ ಕೆಲಸ ಶುರುವಾಯಿತು. ಅದೇ ವರ್ಷ ಕ್ರೈಸ್ಲರ್ ಕಟ್ಟಡದ 71ನೇ ಮಹಡಿಯ ಡೆಕ್ ಮುಚ್ಚಿತು. ಹಠ ಮಾಡಿ ಎತ್ತರ ಗೆದ್ದ ಕಟ್ಟಡದ ತುದಿ ಇವತ್ತಿಗೂ ಪ್ರವಾಸಿಗನಿಗೆ ಸಿಗಲ್ಲ.

ಈಗ ರಾಕ್‌ಫೆಲ್ಲರ್ ಸೆಂಟರ್‌ಗೆ ಬನ್ನಿ. ಉಕ್ಕಿನ ತೊಲೆಯ ಮೇಲೆ ಹನ್ನೊಂದು ಕಾರ್ಮಿಕರು ಸಾಲಾಗಿ ಕೂತು, ಕಾಲು ಇಳಿಬಿಟ್ಟು ಬುತ್ತಿ ತಿನ್ನುವ ಆ ಕಪ್ಪುಬಿಳುಪು ಫೋಟೋ ನೀವೆಲ್ಲ ನೋಡಿದ್ದೀರಿ. ಹೋಟೆಲ್ ಗೋಡೆಯಲ್ಲೋ ವಾಟ್ಸಾಪ್‌ನಲ್ಲೋ. ಅದು 1932ರ ಸೆಪ್ಟೆಂಬರ್ 20ರಂದು ಈ ಕಟ್ಟಡದ 69ನೇ ಮಹಡಿಯಲ್ಲಿ ತೆಗೆದದ್ದು. ಪ್ರಚಾರಕ್ಕಾಗಿ ತೆಗೆಸಿದ ಚಿತ್ರ ಅದು. ಆದರೆ ಅವರು ನಿಜವಾದ ಕೂಲಿಗಳು, ಆ ಎತ್ತರವೂ ನಿಜ. ಕಟ್ಟಿಸಿದವನ ಹೆಸರು ಕಟ್ಟಡದ ಮೇಲಿದೆ. ಆ ಹನ್ನೊಂದು ಜನರಲ್ಲಿ ಹೆಚ್ಚಿನವರು ಯಾರು ಅಂತ ಇವತ್ತಿಗೂ ಖಚಿತವಾಗಿಲ್ಲ.

850 ಅಡಿಯ ಈ ಕಟ್ಟಡದ ಡೆಕ್ 1933ರಲ್ಲಿ ತೆರೆಯಿತು. ಹಡಗಿನ ಮೇಲ್ಕಟ್ಟೆಯ ಹಾಗೆ ಅಲಂಕಾರ ಮಾಡಿದ್ದರು. 1986ರಲ್ಲಿ ಅದನ್ನೂ ಮುಚ್ಚಿದರು. ಯಾಕೆ? ಕೆಳಗಿನ 65ನೇ ಮಹಡಿಯ ಸಿರಿವಂತರ ರೆಸ್ಟೋರೆಂಟನ್ನು ದೊಡ್ಡದು ಮಾಡುವಾಗ ಸಾರ್ವಜನಿಕರ ದಾರಿ ಅಡ್ಡ ಬಂತು. ಸುಮಾರು ಹತ್ತೊಂಬತ್ತು ವರ್ಷ ಆ ನೋಟ ಜನರಿಗೆ ಇಲ್ಲವಾಯಿತು. 2005ರ ನವೆಂಬರ್‌ನಲ್ಲಿ ಮತ್ತೆ ತೆರೆದದ್ದೂ ಟಿಕೆಟ್‌ನಲ್ಲಿ ಲಾಭ ಇದೆ ಅಂತ ಗೊತ್ತಾದ ಮೇಲೆ.

ಇನ್ನು ಟ್ವಿನ್ ಟವರ್. ದಕ್ಷಿಣ ಗೋಪುರದ 107ನೇ ಮಹಡಿಯಲ್ಲಿ ಗಾಜಿನ ಒಳಗೆ ಒಂದು ಡೆಕ್, ಹವೆ ಚೆನ್ನಾಗಿದ್ದರೆ ಅದರ ಮೇಲೆ ಬಯಲು ಛಾವಣಿ. 1975ರ ಡಿಸೆಂಬರ್‌ನಲ್ಲಿ ತೆರೆಯಿತು. 2001ರ ಸೆಪ್ಟೆಂಬರ್ 11ರಂದು ಮೊದಲ ವಿಮಾನ ಉತ್ತರ ಗೋಪುರಕ್ಕೆ ಬಡಿದಾಗ ಬೆಳಗ್ಗೆ 8:46. ಎರಡನೆಯದು ದಕ್ಷಿಣ ಗೋಪುರಕ್ಕೆ ಬಡಿದದ್ದು 9:03. ಪ್ರವಾಸಿಗರಿಗೆ ಡೆಕ್ ಬಾಗಿಲು ತೆರೆಯುತ್ತಿದ್ದದ್ದು ಒಂಬತ್ತೂವರೆಗೆ. ಅರ್ಧ ಗಂಟೆಯ ಅಂತರ ನೋಡಿ! ಆದರೆ ಉತ್ತರ ಗೋಪುರದ ತುದಿಯ ರೆಸ್ಟೋರೆಂಟ್‌ನಲ್ಲಿ ಆ ಹೊತ್ತಿಗೆ ತಿಂಡಿಗೆ ಬಂದು ಕೂತಿದ್ದವರು, ಅವರಿಗೆ ಬಡಿಸುತ್ತಿದ್ದವರು, ಅಡುಗೆಮನೆಯಲ್ಲಿದ್ದವರು, ಒಬ್ಬರೂ ಕೆಳಗೆ ಬರಲಿಲ್ಲ. ಅವರಲ್ಲಿ ಬೇರೆ ಬೇರೆ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರು ಎಷ್ಟೋ ಜನ.

ಅದೇ ಜಾಗದಲ್ಲಿ ಈಗ ಒನ್ ವರ್ಲ್ಡ್ ಟ್ರೇಡ್ ಸೆಂಟರ್ ಇದೆ. ಎತ್ತರ 1,776 ಅಡಿ. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1776ರಲ್ಲಿ, ಅದಕ್ಕೇ ಈ ಲೆಕ್ಕ. 2015ರ ಮೇನಲ್ಲಿ ಅದರ ಡೆಕ್ ತೆರೆಯಿತು. ಮೇಲಕ್ಕೆ ಹೋಗುವ ಲಿಫ್ಟ್‌ಗೆ 47 ಸೆಕೆಂಡ್ ಸಾಕು. ಲಿಫ್ಟ್‌ನ ಗೋಡೆಗಳೇ ಪರದೆ. ಐನೂರು ವರ್ಷದಲ್ಲಿ ನ್ಯೂಯಾರ್ಕ್ ಹೇಗೆ ಬೆಳೆಯಿತು ಅಂತ ಅದರಲ್ಲಿ ತೋರಿಸುತ್ತಾರೆ. ಹಳೇ ಗೋಪುರ ಕೆಲವೇ ಸೆಕೆಂಡ್ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತೆ, ಆಮೇಲೆ ಮಾಯವಾಗುತ್ತೆ. ವಿವರಣೆ ಇಲ್ಲ, ಭಾಷಣ ಇಲ್ಲ. ನೋಡುವವರಿಗೆ ಅರ್ಥವಾಗುತ್ತೆ.

ಆಮೇಲೆ ಬಂದವು ಎರಡು. ಹಡ್ಸನ್ ಯಾರ್ಡ್ಸ್‌ನ 'ಎಡ್ಜ್', 100ನೇ ಮಹಡಿ, ಕಟ್ಟಡದಿಂದ ಆಚೆ ಚಾಚಿಕೊಂಡ ಬಾಲ್ಕನಿ, ಕಾಲ ಕೆಳಗೆ ಗಾಜು. 2020ರ ಮಾರ್ಚ್ 11ರಂದು ತೆರೆದು, ಎರಡೇ ದಿನಕ್ಕೆ ಕೋವಿಡ್‌ನಿಂದಾಗಿ ಬಾಗಿಲು ಹಾಕಿತು. ಮತ್ತೆ ತೆರೆದದ್ದು ಸೆಪ್ಟೆಂಬರ್‌ನಲ್ಲಿ. 2021ರ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಪಕ್ಕ 'ಸಮಿಟ್' ಬಂತು. ಕನ್ನಡಿಗಳ ಅರಮನೆ ಅದು. ಊರಿಗಿಂತ ಹೆಚ್ಚಾಗಿ ನೀವೇ ನಿಮಗೆ ಕಾಣುತ್ತೀರಿ. ಸೆಲ್ಫಿ ಕಾಲಕ್ಕೆ ತಕ್ಕ ಕಟ್ಟಡ ಬಿಡಿ.

ಸರಿ, ಯಾವುದು ಹತ್ತೋದು? ನೇರವಾಗಿ ಹೇಳುತ್ತೇನೆ. ನಿಮಗೆ ಫೋಟೋ ಬೇಕಾ? ರಾಕ್‌ಫೆಲ್ಲರ್ ಹತ್ತಿ. ಎತ್ತರ ಕಡಿಮೆ, ಆದರೆ ಉತ್ತರಕ್ಕೆ 843 ಎಕರೆಯ ಸೆಂಟ್ರಲ್ ಪಾರ್ಕ್, ದಕ್ಷಿಣಕ್ಕೆ ಎಂಪೈರ್ ಸ್ಟೇಟ್. ಎಂಪೈರ್ ಸ್ಟೇಟ್ ಮೇಲೆ ನಿಂತವನಿಗೆ ಎಂಪೈರ್ ಸ್ಟೇಟ್ ಕಾಣಲ್ಲ, ಇಷ್ಟು ಸರಳ. ಬಂದರು, ಬ್ರೂಕ್ಲಿನ್ ಸೇತುವೆ, ಲಿಬರ್ಟಿ ಪ್ರತಿಮೆ ಮೇಲಿಂದ ನೋಡಬೇಕಾ? ಒನ್ ವರ್ಲ್ಡ್. ಅಲ್ಲಿ ಪೂರ್ತಿ ಗಾಜಿನ ಒಳಗೆ, ಗಾಳಿ ಚಳಿ ತಾಗಲ್ಲ, ವಯಸ್ಸಾದವರಿಗೆ ಅನುಕೂಲ. ಹಡ್ಸನ್ ನದಿಯ ಮೇಲೆ ಸೂರ್ಯ ಮುಳುಗುವುದು ಬೇಕಾ? ಎಡ್ಜ್. ಮೊಮ್ಮಕ್ಕಳು ಜೊತೆಗಿದ್ದು ಅವರಿಗೆ ಆಟ ಬೇಕಾ? ಸಮಿಟ್. ಕತ್ತಲಾಗುವ ಹೊತ್ತಿಗೆ ಎಲ್ಲ ಕಡೆ ನೂಕುನುಗ್ಗಲು, ಕೆಲವು ಕಡೆ ಆ ಹೊತ್ತಿನ ಟಿಕೆಟ್‌ಗೆ ಹೆಚ್ಚು ದುಡ್ಡು ಕೂಡ. ಬೆಳಗ್ಗೆ ಬೇಗ ಹೋಗಿ. ಹೋಗುವ ಮೊದಲು ಕೆಳಗಿನಿಂದ ಕತ್ತೆತ್ತಿ ನೋಡಿ. ಕಟ್ಟಡದ ತುದಿ ನಿಮಗೆ ಕಾಣದಿದ್ದರೆ, ಮೇಲಿನಿಂದ ಊರೂ ಕಾಣಲ್ಲ.

ದುಡ್ಡೇ ಕಷ್ಟ ಅನ್ನುವವರಿಗೂ ದಾರಿ ಇದೆ. 1883ರ ಬ್ರೂಕ್ಲಿನ್ ಸೇತುವೆಯ ಮೇಲೆ ನಡೆಯಲು ಕಾಸು ಬೇಡ. ಸ್ಟೇಟನ್ ಐಲೆಂಡ್ ದೋಣಿಗೆ 1997ರಿಂದ ಟಿಕೆಟ್ಟೇ ಇಲ್ಲ. ಆ ದೋಣಿಯಿಂದ ಇಡೀ ಮ್ಯಾನ್‌ಹಟನ್ ಸಾಲುಗಟ್ಟಿ ನಿಂತ ಹಾಗೆ ಕಾಣುತ್ತೆ, ಪ್ರತಿಮೆಯೂ ಕಾಣುತ್ತೆ.

ಒಂದೇ ಒಂದು ಹತ್ತುತ್ತೇವೆ, ನೀವೇ ಹೇಳಿ ಅಂದರೆ ನಾನು ಹೇಳುವುದು ಎಂಪೈರ್ ಸ್ಟೇಟ್‌ನ 86ನೇ ಮಹಡಿ. ಅದಕ್ಕಿಂತ ಎತ್ತರದ ಡೆಕ್ ಅದೇ ಊರಿನಲ್ಲಿ ಇವೆ, ಅದಕ್ಕಿಂತ ಒಳ್ಳೆಯ ಫೋಟೋ ಬೇರೆ ಕಡೆ ಸಿಗುತ್ತೆ. ಆದರೂ ಅದೇ. ವೂಲ್‌ವರ್ತ್‌ನಲ್ಲಿ ಯುದ್ಧ ಬಂತು ಅಂತ ಜನರನ್ನು ಹೊರಗಿಟ್ಟರು. ಕ್ರೈಸ್ಲರ್‌ನಲ್ಲಿ ಬಾಗಿಲು ಹಾಕಿದವರು ಮತ್ತೆ ತೆರೆಯಲೇ ಇಲ್ಲ. ರಾಕ್‌ಫೆಲ್ಲರ್‌ನಲ್ಲಿ ಸಿರಿವಂತರ ಊಟಕ್ಕೆ ಜಾಗ ಬೇಕಾಯಿತು. ಟ್ವಿನ್ ಟವರನ್ನು ಭಯೋತ್ಪಾದಕರು ಬೀಳಿಸಿದರು. 1931ರಿಂದ ಇವತ್ತಿನವರೆಗೆ, ಆಗೊಮ್ಮೆ ಈಗೊಮ್ಮೆ ಬಾಗಿಲು ಹಾಕಿದ್ದು ಬಿಟ್ಟರೆ, ಬಯಲು ಗಾಳಿಯಲ್ಲಿ ಜನ ನಿಂತು ಊರು ನೋಡುತ್ತಲೇ ಬಂದಿರುವ ಜಾಗ ಅದು.

ಅಲ್ಲಿ ಕಂಬಿ ಹಿಡಿದು ನಿಂತಾಗ ಒಂದು ಕ್ಷಣ ಯೋಚಿಸಿ. ಇದನ್ನು ಕಟ್ಟಿಸಿದ ಕೋಟ್ಯಧೀಶ ತನ್ನ ಆಫೀಸು ತುಂಬಿಸಲಾಗದೆ ಕೂತಿದ್ದಾಗ, ಒಂದೊಂದು ಡಾಲರ್ ಕೊಟ್ಟು ಇದನ್ನು ಬದುಕಿಸಿದವರು ನಿಮ್ಮ ನನ್ನಂಥ ಜನ. ಟಿಕೆಟ್ ದುಬಾರಿ ಆಯಿತು ಅಂತ ಮನಸ್ಸಿಗೆ ಚುರುಕ್ ಅನ್ನಿಸಿದರೆ ನೆನಪಿಟ್ಟುಕೊಳ್ಳಿ: ಆ ಸಾಲಿನಲ್ಲಿ ತೊಂಬತ್ತು ವರ್ಷಕ್ಕೂ ಹಿಂದಿನಿಂದ ಜನ ನಿಂತಿದ್ದಾರೆ. ಈಗ ನಿಮ್ಮ ಸರದಿ.